ಪಿಕ್ ಬೇಡ ಅಂದ ಬೆರಳುಗಳು: ಜಾನಿ ‘ಗಿಟಾರ್’ ವಾಟ್ಸನ್

ಇವತ್ತು ಹೆಡ್‌ಫೋನ್ ಹಾಕ್ಕೊಂಡೇ ಕೂತ್ಕೊಳ್ಳಿ.

ಜಾನಿ ‘ಗಿಟಾರ್’ ವಾಟ್ಸನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. 1954ರ ‘ಸ್ಪೇಸ್ ಗಿಟಾರ್’ ಕೇಳಿ. ಒಂದು ಕ್ಷಣ ಒಣಕಡ್ಡಿ ಮುರಿದ ಸದ್ದು, ಮರುಕ್ಷಣ ಬಾವಿಯೊಳಗಿಂದ ಕೂಗಿದ ಹಾಗೆ! ರಿವರ್ಬನ್ನ ಆನ್-ಆಫ್ ಮಾಡ್ತಾ ಆಟ ಆಡಿದ್ದಾನೆ ಈತ.

ಪಿಕ್ ಹಿಡೀತಿರಲಿಲ್ಲ, ಬರೀ ಬೆರಳು. ತಂತಿಯನ್ನು ಎಳೆದು ಬಿಡುವುದರಿಂದ ಸ್ವರ ಚಟ್ ಅಂತ ಹುಟ್ಟಿ ಬೇಗ ಮುಗಿಯುತ್ತೆ, ನಡುವೆ ಖಾಲಿ ಜಾಗ ಉಳಿಯುತ್ತೆ. ಫಂಕ್‌ಗೆ ಬೇಕಾಗಿದ್ದೇ ಆ ಜಾಗ. ಬೇಸ್, ಡ್ರಮ್ಸ್ ಎರಡೂ ಅಲ್ಲಿ ಬಂದು ಕೂರುತ್ತವೆ. ಹಾಗಾಗಿ 70ರ ದಶಕದಲ್ಲಿ ಫಂಕ್‌ಗೆ ಬಂದಾಗ ಈತ ಬ್ಲೂಸ್ ಕೈಬಿಡಬೇಕಾಗಲಿಲ್ಲ. 1977ರ ‘ಎ ರಿಯಲ್ ಮದರ್ ಫಾರ್ ಯಾ’ ಹಿಟ್ ಆದಾಗ ವಯಸ್ಸು 42. ಡ್ರಮ್ಸ್, ಹಾರ್ನ್ಸ್ ಬಿಟ್ಟರೆ ಆ ಆಲ್ಬಮ್ಮಿನ ಹೆಚ್ಚಿನ ವಾದ್ಯಗಳನ್ನು ತಾನೇ ನುಡಿಸಿದ್ದ. (ನಮ್ಮ ಟೀಮ್‌ನಲ್ಲಿ ಲೇಆಫ್ ಆದ ವಾರ ನಾನೂ ಇದನ್ನೇ ಲೂಪ್‌ನಲ್ಲಿ ಹಾಕಿದ್ದೆ. ನಂಗೂ ಆಗ ನಲವತ್ತು ದಾಟಿತ್ತು.)

1996ರ ಮೇ ತಿಂಗಳಲ್ಲಿ, ಜಪಾನಿನ ಯೊಕೊಹಾಮಾದಲ್ಲಿ ವೇದಿಕೆಯ ಮೇಲೇ ಕುಸಿದು ತೀರಿಕೊಂಡ.

ಈಗ ಆ ಎರಡೂ ಹಾಡು ಬೆನ್ನುಬೆನ್ನಿಗೆ ಹಾಕಿ. ತಾಳ ಬೇರೆ, ಕಾಲ ಬೇರೆ. ಆ ಚಟ್ ಮಾತ್ರ ಅದೇ.