ಕಣ್ಣಿಗೆ ಕಾಣದ ಪೆಟ್ಟು

೧೮೦೮ನೆಯ ಇಸವಿ. ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಮೇಲಕ್ಕೆ ಹಗ್ಗಗಳ ನೆರವಿನಿಂದ ಒಂದು ಯಂತ್ರವನ್ನು ಏರಿಸಲಾಗುತ್ತಿತ್ತು. ಲಂಡನ್ನಿನ ಕ್ಯಾರಿ ಎಂಬ ಕುಶಲಕರ್ಮಿ ನಿರ್ಮಿಸಿದ, ಸುಮಾರು ಅರ್ಧ ಟನ್ ತೂಕದ, ಮೂರಡಿ ಅಡ್ಡಳತೆಯ ವೃತ್ತವುಳ್ಳ ಥಿಯೋಡೊಲೈಟ್ ಅದು. ೧೮೦೦ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಅಳೆದು ಕೈ ಪಳಗಿಸಿಕೊಂಡು, ಅನಂತರ ದಕ್ಷಿಣ ಭಾರತವನ್ನೆಲ್ಲ ತ್ರಿಕೋನಗಳ ಬಲೆಯಲ್ಲಿ ಹಿಡಿಯಲು ಹೊರಟ ವಿಲಿಯಂ ಲ್ಯಾಂಬ್ಟನ್ನನಿಗೆ ಅದು ಕಣ್ಣಿದ್ದಂತೆ. ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ ಅದನ್ನು ಹೊತ್ತ ಹಡಗು ಫ್ರೆಂಚರ ಕೈಗೆ ಸಿಕ್ಕಿತ್ತು. ಮಾರಿಷಸ್ ದ್ವೀಪದಲ್ಲಿ ಇಳಿಸಿಕೊಂಡ ಫ್ರೆಂಚರು, ವಿಜ್ಞಾನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ, ಅದನ್ನು ಮದರಾಸಿಗೆ ಕಳುಹಿಸಿಕೊಟ್ಟರು. ಸಮುದ್ರವನ್ನೂ ಶತ್ರುವನ್ನೂ ದಾಟಿ ಬಂದ ಯಂತ್ರ ತಂಜಾವೂರಿನಲ್ಲಿ ಸೋತಿತು. ಹಗ್ಗ ಕಡಿಯಿತು, ಯಂತ್ರ ಗೋಡೆಗೆ ಬಡಿಯಿತು, ವೃತ್ತ ಸೊಟ್ಟಗಾಯಿತು.

ಲ್ಯಾಂಬ್ಟನ್ ಎದೆಗೆಡಲಿಲ್ಲ. ಯಂತ್ರವನ್ನು ಪೂರ್ತಿಯಾಗಿ ಬಿಚ್ಚಿ, ದೊಡ್ಡ ಹಲಗೆಯೊಂದರ ಮೇಲೆ ಸರಿಯಾದ ಅಳತೆಯ ವೃತ್ತವನ್ನು ಕೊರೆದು, ಬೆಣೆ, ತಿರುಪು, ರಾಟೆಗಳಿಂದ ವಕ್ರವಾದ ಅಂಚನ್ನು ಸ್ವಲ್ಪಸ್ವಲ್ಪವಾಗಿ ಎಳೆದು, ಆರು ವಾರಗಳಲ್ಲಿ ಅದನ್ನು ಬಹುಮಟ್ಟಿಗೆ ಮೊದಲಿನ ರೂಪಕ್ಕೆ ತಂದನು.

ನಮ್ಮ ಭಾಷೆಯಲ್ಲಿ ದೇಗುಲದ ಶಿಖರಕ್ಕೂ ಆಕಾಶದಲ್ಲಿ ಹಾರುವ ವಾಹನಕ್ಕೂ ವಿಮಾನವೆಂಬ ಒಂದೇ ಹೆಸರು. ಇಂದಿನ ಮೋಜಣಿ ಯಂತ್ರಗಳು ಈ ಎರಡನೆಯ ವಿಮಾನವನ್ನು ಏರುತ್ತಿವೆ. ಆಪತ್ತು ಮಾತ್ರ ದೂರವಾಗಿಲ್ಲ. ಅದು ಕಣ್ಣಿಗೆ ಕಾಣದಂತಾಗಿದೆ, ಅಷ್ಟೆ.

ಈಗಿನ ಮೋಜಣಿದಾರನ ಸಂಗಾತಿ ಟೋಟಲ್ ಸ್ಟೇಷನ್ ಎಂಬ ಯಂತ್ರ. ರಸ್ತೆ ಬದಿಯಲ್ಲಿ ಮೂರು ಕಾಲಿನ ಆಸರೆಯ ಮೇಲೆ ನಿಂತ ಅದನ್ನು ನೋಡದ ನಗರವಾಸಿಯಿಲ್ಲ. ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುವ ಈ ಸಾಧನದ ಬೆಲೆ ಹಲವು ಲಕ್ಷ ರೂಪಾಯಿ. ಒಂದು ಡಿಗ್ರಿಯ ಮೂರು ಸಾವಿರದ ಆರುನೂರನೆಯ ಒಂದು ಪಾಲನ್ನು ನಮ್ಮ ಪ್ರಾಚೀನ ಜ್ಯೋತಿಷಿಗಳು ವಿಕಲೆ ಎಂದರು. ಉತ್ತಮ ಯಂತ್ರಗಳು ಅಂಥ ಒಂದೆರಡು ವಿಕಲೆಗಳಷ್ಟು ಸೂಕ್ಷ್ಮವಾಗಿ ಕೋನವನ್ನು ಹೇಳಬಲ್ಲವು. ಒಂದು ಕಿಲೋಮೀಟರ್ ದೂರದಲ್ಲಿ ಒಂದು ವಿಕಲೆಯೆಂದರೆ ಸುಮಾರು ಐದು ಮಿಲಿಮೀಟರ್. ಪ್ರಯಾಣದ ಕುಲುಕಾಟದಲ್ಲಿ ಒಳಗಿನ ಭಾಗವೊಂದು ಇಪ್ಪತ್ತು ವಿಕಲೆಯಷ್ಟು ಸರಿದರೆ, ಅಷ್ಟು ದೂರದ ಗುರುತು ಸುಮಾರು ಹತ್ತು ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಪಿಂಗಾಣಿ ಬಟ್ಟಲು ಬಿದ್ದರೆ ಒಡೆದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಈ ಯಂತ್ರವೋ, ಪೆಟ್ಟು ತಿಂದರೂ ದೀಪ ಹೊತ್ತಿಸಿಕೊಂಡು ಗಂಭೀರವಾಗಿ ಅಂಕಿಗಳನ್ನು ತೋರಿಸುತ್ತಲೇ ಇರುತ್ತದೆ. ಆ ಅಂಕಿಗಳನ್ನು ನಂಬಿ ಸೇತುವೆಯ ಕಂಬ ಏಳುತ್ತದೆ, ನಿವೇಶನದ ಎಲ್ಲೆಕಲ್ಲು ಬೀಳುತ್ತದೆ.

ಆದುದರಿಂದ ಅನುಭವಿಗಳು ಯಂತ್ರವನ್ನು ಕೈಬಿಟ್ಟು ಕಳುಹಿಸಲು ಒಪ್ಪುವುದಿಲ್ಲ. ಕೂಸಿನಂತೆ ಜೊತೆಯಲ್ಲೇ ಒಯ್ಯಬಯಸುತ್ತಾರೆ. ಅಡ್ಡ ಬರುವುದು ತೂಕ. ದೇಶದೊಳಗಿನ ಸಾಮಾನ್ಯ ದರ್ಜೆಯಲ್ಲಿ ಕೈಚೀಲಕ್ಕೆ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದು ಏಳು ಕಿಲೋ. ಯಂತ್ರವೊಂದೇ ಐದಾರು ಕಿಲೋ ತೂಗುತ್ತದೆ. ಪೆಟ್ಟಿಗೆಯೂ ಸೇರಿದರೆ ಮಿತಿ ಮೀರುವುದು ನಿಶ್ಚಯ. ಮುಂಚಿತವಾಗಿ ಸಂಸ್ಥೆಯೊಡನೆ ಮಾತಾಡಿ ಲಿಖಿತ ಒಪ್ಪಿಗೆ ಪಡೆಯುವುದು ಒಂದು ದಾರಿ. ಸೂಕ್ಷ್ಮ ವಸ್ತುವಿಗೆಂದೇ ಪಕ್ಕದ ಆಸನವನ್ನು ಕೊಳ್ಳಲು ಕೆಲವು ಸಂಸ್ಥೆಗಳು ಅವಕಾಶ ಕೊಡುತ್ತವೆ. ವೀಣೆಗೆ ಟಿಕೆಟ್ ಕೊಳ್ಳುವ ವಿದ್ವಾಂಸರಿರುವಾಗ ಮೋಜಣಿದಾರನೇಕೆ ಸಂಕೋಚಪಡಬೇಕು? ಮುಕ್ಕಾಲಿಯ ಚೂಪು ಕಾಲುಗಳನ್ನೂ, ತೂಗುಗುಂಡನ್ನೂ, ತಿರುಪುಳಿಗಳನ್ನೂ ಮಾತ್ರ ಕೆಳಗಿನ ಸಾಮಾನುಕೋಣೆಗೇ ಒಪ್ಪಿಸಬೇಕು. ಇಂಥ ಯಂತ್ರವನ್ನು ಎಂದೂ ಕಾಣದ ತಪಾಸಣೆಯ ಸಿಬ್ಬಂದಿ ಹುಬ್ಬೇರಿಸುವುದು ಸಹಜ. ಖರೀದಿಯ ರಸೀತಿಯೂ ಸಂಸ್ಥೆಯ ಪತ್ರವೂ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಯಂತ್ರವೇ ಸಾಮಾನುಕೋಣೆಗೆ ಹೋಗಬೇಕಾಗಿ ಬಂದರೆ ಅದರ ಸ್ವಂತ ಪೆಟ್ಟಿಗೆಯೊಂದೇ ಸಾಲದು. ಆ ಪೆಟ್ಟಿಗೆ ಮೋಜಣಿದಾರನ ಎಚ್ಚರದ ಕೈಗೆ ತಕ್ಕುದು. ಎತ್ತಿ ಎಸೆಯುವ ಕೈಗಳಿಗಲ್ಲ. ಅದನ್ನು ಮತ್ತೊಂದು ಗಟ್ಟಿಯಾದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ನಡುವೆ ಎಲ್ಲೂ ಪೊಳ್ಳು ಉಳಿಯದಂತೆ ದಪ್ಪ ಸ್ಪಂಜನ್ನು ತುಂಬಬೇಕು. ‘ಒಡೆಯುವ ವಸ್ತು’ ಎಂಬ ಚೀಟಿಯನ್ನು ಅಂಟಿಸಬಹುದು. ಆದರೆ ಚೀಟಿಗಿಂತ ಸ್ಪಂಜನ್ನು ನಂಬುವುದು ಲೇಸು.

ಬ್ಯಾಟರಿಯ ವಿಷಯದಲ್ಲಿ ನಿಯಮ ತಲೆಕೆಳಗು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸಾಮಾನುಕೋಣೆಯಲ್ಲಿ ಆರಿಸುವವರಿಲ್ಲ. ಆದ್ದರಿಂದ ಬಿಡಿ ಬ್ಯಾಟರಿಗಳು ಪ್ರಯಾಣಿಕನ ಕೈಚೀಲದಲ್ಲೇ ಇರಬೇಕು, ಒಂದೊಂದರ ತುದಿಗೂ ಪಟ್ಟಿ ಅಂಟಿಸಿರಬೇಕು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆ ದೊರೆಯುತ್ತದೆ. ನೂರರವರೆಗೆ ಸಂಸ್ಥೆಯ ವಿಶೇಷ ಅನುಮತಿ ಬೇಕಿಲ್ಲ. ನೂರರಿಂದ ನೂರರವತ್ತರವರೆಗೆ ಅನುಮತಿ ಪಡೆದು ಎರಡು ಬಿಡಿ ಬ್ಯಾಟರಿಗಳನ್ನು ಒಯ್ಯಬಹುದು. ಅದನ್ನು ಮೀರಿದವಕ್ಕೆ ಪ್ರಯಾಣಿಕರ ಸಾಮಾನಿನಲ್ಲಿ ಸ್ಥಳವಿಲ್ಲ. ಟೋಟಲ್ ಸ್ಟೇಷನ್ನಿನ ೭.೪ ವೋಲ್ಟಿನ, ೬ ಆಂಪಿಯರ್-ಗಂಟೆಯ ಬ್ಯಾಟರಿ ೪೪ರ ಆಸುಪಾಸಿನದು, ಚಿಂತೆಯಿಲ್ಲ. ಮೋಜಣಿಯ ದೊಡ್ಡ ಡ್ರೋನುಗಳ ಬ್ಯಾಟರಿಗಳೇ ತೊಡಕಿನವು.

ಪರದೇಶಕ್ಕೆ ಹೊರಟವರು ಯಂತ್ರದ ಕ್ರಮಸಂಖ್ಯೆಯನ್ನು ತೋರಿಸಿ ಸುಂಕದ ಕಟ್ಟೆಯಲ್ಲಿ ಪ್ರಮಾಣಪತ್ರ ಪಡೆಯುವುದನ್ನು ಮರೆಯಬಾರದು; ಇಲ್ಲವಾದರೆ ಮರಳಿ ಬರುವಾಗ ಸ್ವಂತ ಸೊತ್ತಿಗೇ ಸುಂಕ ತೆರಬೇಕಾದೀತು. ಇನ್ನು ಪರಿಹಾರದ ಮಾತು. ೧೯೯೯ರ ಮಾಂಟ್ರಿಯಲ್ ಒಪ್ಪಂದದಂತೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನಿಗೆ ದೊರೆಯುವ ಗರಿಷ್ಠ ಪರಿಹಾರ, ೨೦೨೪ರ ಡಿಸೆಂಬರ್ ೨೮ರಿಂದ, ಪ್ರಯಾಣಿಕನೊಬ್ಬನಿಗೆ ೧,೫೧೯ ಎಸ್‌ಡಿಆರ್. ಅಂದರೆ ಸುಮಾರು ಎರಡು ಸಾವಿರ ಡಾಲರ್. ಹಲವು ಲಕ್ಷದ ಯಂತ್ರಕ್ಕೆ ಇದು ಯಾವ ಮೂಲೆಗೆ? ಸಾಮಾನನ್ನು ಒಪ್ಪಿಸುವಾಗಲೇ ಹೆಚ್ಚಿನ ಮೌಲ್ಯವನ್ನು ಘೋಷಿಸಿ ಶುಲ್ಕ ಕಟ್ಟಲು ಅವಕಾಶವುಂಟು. ಪ್ರತ್ಯೇಕ ವಿಮೆ ಇನ್ನೂ ಮೇಲು.

ಊರು ಸೇರಿದೊಡನೆ ಕೆಲಸಕ್ಕೆ ತೊಡಗುವ ಆತುರ ಸಲ್ಲದು. ತಣ್ಣಗಿದ್ದ ಯಂತ್ರ ಸುತ್ತಲಿನ ಹವೆಗೆ ಹೊಂದಿಕೊಳ್ಳಲಿ. ಗಾಜಿನ ಮೇಲೆ ಮಂಜು ಕಟ್ಟಿದ್ದರೆ ಆರಲಿ. ಬಳಿಕ ದೂರದ ಗುರಿಯೊಂದನ್ನು ಹಿಡಿದು ಕೋನವನ್ನು ಓದಬೇಕು. ದೂರದರ್ಶಕವನ್ನು ಮಗುಚಿ, ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ, ಅದೇ ಗುರಿಯನ್ನು ಮತ್ತೆ ಓದಬೇಕು. ಎರಡರ ಅಂತರ ಸರಿಯಾಗಿ ೧೮೦ ಡಿಗ್ರಿ ಇರಬೇಕು. ಹೆಚ್ಚು ಕಡಿಮೆಯಾದುದರಲ್ಲಿ ಅರ್ಧವೇ ದೋಷ. ಹೊರಡುವ ಮುನ್ನ ಮನೆಯಲ್ಲಿ ಇದೇ ಪರೀಕ್ಷೆ ಮಾಡಿ ಬರೆದಿಟ್ಟ ಅಂಕಿಗಳಿದ್ದರೆ, ದಾರಿಯಲ್ಲಿ ಏನಾಯಿತೆಂಬುದು ಅಲ್ಲೇ ಬಯಲಾಗುತ್ತದೆ. ವ್ಯತ್ಯಾಸ ಕಂಡರೆ ಯಂತ್ರ ದುರಸ್ತಿ ಕೇಂದ್ರದ ದಾರಿ ಹಿಡಿಯಬೇಕು. ಲ್ಯಾಂಬ್ಟನ್ನನಂತೆ ಬಿಚ್ಚಿ ಕೂರುವ ಕಾಲ ಇದಲ್ಲ. ಪರೀಕ್ಷೆಯನ್ನು ನಾಳೆಗೆ ಮುಂದೂಡುವಂತೆಯೂ ಇಲ್ಲ: ಹಾನಿಗೊಂಡ ಸಾಮಾನಿನ ಬಗ್ಗೆ ವಿಮಾನ ಸಂಸ್ಥೆಗೆ ಲಿಖಿತ ದೂರು ಕೊಡಲು ಅದೇ ಒಪ್ಪಂದ ನೀಡಿರುವ ಅವಧಿ, ಸಾಮಾನು ಕೈಸೇರಿದಂದಿನಿಂದ ಏಳೇ ದಿನ.