ಪಹಣಿ, ಕೋಷ್ಟಕ ಮತ್ತು ಒಂದು ಪ್ರಶ್ನೆ



ಹಂಪನಕಟ್ಟೆಯ ತಾಲೂಕು ಕಚೇರಿಗೆ ಒಮ್ಮೆಯಾದರೂ ಹೋಗದ ಮಂಗಳೂರಿನ ಜಮೀನುದಾರರು ಕಡಿಮೆ. ಕೌಂಟರಿನ ಮುಂದೆ ನಿಂತು 'ಒಂದು ಪಹಣಿ ಬೇಕಿತ್ತು' ಎಂದರೆ ಒಳಗಿರುವವರು ಮೊದಲು ನಿಮ್ಮ ಹೆಸರು ಕೇಳುವುದಿಲ್ಲ. 'ಯಾವ ಗ್ರಾಮ? ಸರ್ವೆ ನಂಬರು ಎಷ್ಟು? ಹಿಸ್ಸಾ?' ಎಂದೇ ಕೇಳುತ್ತಾರೆ. ಈಗ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ 'ಭೂಮಿ' ತೆರೆದರೂ ಅದೇ ಕಥೆ: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ. ನನ್ನ ಜಾಗದ ಕಾಗದಕ್ಕೆ ನನ್ನ ಹೆಸರು ಬೇಡವೇ ಎಂದು ನಿಮಗೆ ಅನ್ನಿಸಿರಬಹುದು. ಹೀಗೇಕೆ ಎಂಬುದು ತಿಳಿದರೆ 'ರಿಲೇಶನಲ್ ಡಾಟಾಬೇಸ್' ಎಂಬ ದೊಡ್ಡ ಹೆಸರಿನ ವಿಷಯ ಅರ್ಧ ತಿಳಿದಂತೆ. ಕನ್ನಡದಲ್ಲಿ ಇದನ್ನು ಸಂಬಂಧಾತ್ಮಕ ದತ್ತಸಂಚಯ ಎನ್ನುತ್ತಾರೆ. ನಾವು ಇಲ್ಲಿ ಡಾಟಾಬೇಸ್ ಎಂದೇ ಕರೆಯೋಣ, ನಾಲಿಗೆಗೆ ಸುಲಭ.

ಹಿಂದೆ ಈ ದಾಖಲೆಗಳೆಲ್ಲ ಗ್ರಾಮಲೆಕ್ಕಿಗರ ಬಳಿ, ಕೈಬರಹದ ಪುಸ್ತಕಗಳಲ್ಲಿದ್ದವು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರು. ಅವರ ಪುಸ್ತಕದಲ್ಲಿ ಏನಿದೆಯೆಂದು ನೋಡಬೇಕಾದರೆ ಅವರು ಸಿಗಬೇಕು, ಸಿಕ್ಕರೆ ಪುಸ್ತಕ ಜೊತೆಯಲ್ಲಿರಬೇಕು. 2000ದ ಆಸುಪಾಸಿನಲ್ಲಿ ಕರ್ನಾಟಕದ ಕಂದಾಯ ಇಲಾಖೆ 'ಭೂಮಿ' ಯೋಜನೆಯಲ್ಲಿ ಇವುಗಳನ್ನು ತಾಲೂಕು ತಾಲೂಕಾಗಿ ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು. ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಆಮೇಲೆ ಬೆಲೆ ಉಳಿಯಲಿಲ್ಲ.

ಆದರೆ ಪುಸ್ತಕವನ್ನು ಗಣಕಯಂತ್ರದಲ್ಲಿ ಟೈಪು ಮಾಡಿದ ಮಾತ್ರಕ್ಕೆ ಅದು ಡಾಟಾಬೇಸ್ ಆಗುವುದಿಲ್ಲ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಐಬಿಎಂ ಕಂಪೆನಿಯಲ್ಲಿ ಎಡ್ಗರ್ ಕಾಡ್ ಎಂಬ ಗಣಿತ ಬಲ್ಲ ಇಂಗ್ಲಿಷ್ ಮನುಷ್ಯರಿದ್ದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವರು. ಆಗಿನ ಗಣಕಯಂತ್ರಗಳಲ್ಲಿ ಮಾಹಿತಿಯನ್ನು ಒಂದಕ್ಕೊಂದು ಸರಪಳಿ ಹಾಕಿ ಇಡುತ್ತಿದ್ದರು. ಬೇಕಾದುದು ಸಿಗಬೇಕಾದರೆ ಯಾವ ಕೊಂಡಿಯಿಂದ ಯಾವ ಕೊಂಡಿಗೆ ಹೋಗಬೇಕೆಂದು ಪ್ರೋಗ್ರಾಂ ಬರೆಯುವವನಿಗೆ ಗೊತ್ತಿರಬೇಕಿತ್ತು. ಸರಪಳಿಯ ಜೋಡಣೆ ಬದಲಾದರೆ ಪ್ರೋಗ್ರಾಮೂ ಕೆಟ್ಟಿತು. ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆ ದಾರಿ ತೋರಿಸಿದರು: ಎಲ್ಲವನ್ನೂ ಸಾದಾ ಕೋಷ್ಟಕಗಳಲ್ಲಿ ಇಡಿ, ಪ್ರತಿ ಸಾಲಿಗೂ ಅದನ್ನು ತಪ್ಪದೆ ಗುರುತಿಸುವ ಒಂದು ಕೀಲಿ ಇರಲಿ, ಕೋಷ್ಟಕಗಳ ನಡುವಿನ ನಂಟನ್ನು ಆ ಕೀಲಿಯ ಮೂಲಕವೇ ಹೇಳಿ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಈಗ ನಮ್ಮ ಊರಿಗೇ ಬರೋಣ. ಕೆಳಗಿನ ಉದಾಹರಣೆ ಕಲ್ಪಿತ. ಪೆನ್ಸಿಲು ಹಿಡಿದು ಜೊತೆಗೆ ಬರೆದುಕೊಳ್ಳಿ. ಮೊದಲನೆಯದು 'ಜಮೀನು' ಎಂಬ ಕೋಷ್ಟಕ:

ಗುರುತು — ಗ್ರಾಮ — ಸರ್ವೆ ನಂಬರು — ಹಿಸ್ಸಾ — ಸೆಂಟ್ಸ್
ಜ1 — ಗುರುಪುರ — 112 — 3 — 80
ಜ2 — ಬಜ್ಪೆ — 112 — 3 — 45
ಜ3 — ಬಜ್ಪೆ — 47 — 1 — 30

ಮೊದಲ ಎರಡು ಸಾಲು ನೋಡಿ. ಸರ್ವೆ ನಂಬರು ಒಂದೇ, ಹಿಸ್ಸಾ ಒಂದೇ, ಗ್ರಾಮ ಬೇರೆ. ಸರ್ವೆ ನಂಬರು ಪ್ರತಿ ಗ್ರಾಮದಲ್ಲೂ ಒಂದರಿಂದಲೇ ಶುರುವಾಗುವುದರಿಂದ ಬರೇ 112 ಎಂದರೆ ಯಾವ ಜಾಗವೆಂದು ಹೇಳಲಾಗದು. ಗ್ರಾಮ, ಸರ್ವೆ ನಂಬರು, ಹಿಸ್ಸಾ ಕೂಡಿದಾಗಲೇ ಕೀಲಿ ಪೂರ್ತಿಯಾಗುತ್ತದೆ. ಇಂಥದಕ್ಕೆ ಸಂಯುಕ್ತ ಕೀಲಿ ಎನ್ನುತ್ತಾರೆ. ಕೌಂಟರಿನವರು ಮೂರು ಪ್ರಶ್ನೆ ಕೇಳಿದ್ದು ಇದಕ್ಕಾಗಿಯೇ.

ಎರಡನೆಯ ಕೋಷ್ಟಕ 'ವ್ಯಕ್ತಿ':

ವ1 — ಸುಂದರ, ತಂದೆ ಐತಪ್ಪ
ವ2 — ಸುಂದರ, ತಂದೆ ಬಾಬು
ವ3 — ಲೀಲಾವತಿ, ತಂದೆ ಐತಪ್ಪ

ಜಮೀನಿನ ಕೋಷ್ಟಕದಲ್ಲೇ ಒಂದು ಕಂಬಸಾಲು ಹೆಚ್ಚು ಮಾಡಿ ಮಾಲೀಕರ ಹೆಸರು ಬರೆದರೆ ಸಾಲದೇ ಎಂದು ನೀವು ಕೇಳಬಹುದು. ಒಬ್ಬನೇ ಮಾಲೀಕನಾದರೆ ಸರಿ. ನಮ್ಮ ದಕ್ಷಿಣ ಕನ್ನಡದಲ್ಲಿ ಹಾಗಿರುವುದು ಎಷ್ಟು ಕಡೆ? ಕುಟುಂಬದ ಜಾಗ, ಅಳಿಯಕಟ್ಟಿನಿಂದ ಬಂದ ಜಾಗ, ಪಾಲಾಗದೆ ಉಳಿದ ಜಾಗ. ಪಹಣಿಯ 9ನೆಯ ಕಾಲಮಿನಲ್ಲಿ ಹತ್ತು ಹದಿನೈದು ಹೆಸರುಗಳು ಸಾಲಾಗಿ ನಿಂತಿರುವುದನ್ನು ನೀವೇ ನೋಡಿದ್ದೀರಿ. ಒಂದು ಜಾಗಕ್ಕೆ ಹಲವು ಜನ, ಒಬ್ಬರಿಗೆ ಹಲವು ಜಾಗ. ಇದಕ್ಕೆ ಮೂರನೆಯ ಕೋಷ್ಟಕ ಬೇಕು. ಅದರಲ್ಲಿ ಹೆಸರೂ ಇಲ್ಲ, ಸರ್ವೆ ನಂಬರೂ ಇಲ್ಲ, ಬರೇ ಕೀಲಿಗಳು. 'ಹಕ್ಕು' ಎಂದು ಕರೆಯೋಣ:

ಜ1 — ವ1
ಜ1 — ವ3
ಜ2 — ವ2
ಜ3 — ವ3

ಒಣ ಅಕ್ಷರಗಳಂತೆ ಕಾಣುವ ಈ ನಾಲ್ಕು ಸಾಲುಗಳಲ್ಲೇ ಎಲ್ಲ ಸಂಬಂಧವಿದೆ. ಲೀಲಾವತಿ ಎಂಬ ಹೆಸರಿನಲ್ಲಿ ತಪ್ಪಿದ್ದರೆ ತಿದ್ದುವುದು 'ವ್ಯಕ್ತಿ' ಕೋಷ್ಟಕದ ಒಂದು ಸಾಲಿನಲ್ಲಿ ಮಾತ್ರ. ಅವರ ಎರಡೂ ಜಾಗಗಳ ಪಹಣಿಯಲ್ಲಿ ಅದು ತಾನಾಗಿ ಸರಿಯಾಗುತ್ತದೆ. ಒಂದು ಸಂಗತಿಯನ್ನು ಎರಡು ಕಡೆ ಬರೆದರೆ ಯಾವುದಾದರೂ ಒಂದು ದಿನ ಅವೆರಡೂ ಜಗಳವಾಡುತ್ತವೆ. ನಾನು ಸದಸ್ಯನಾಗಿದ್ದ ಒಂದು ಸಂಘದ ಲೆಜರಿನಲ್ಲಿ ನನ್ನ ಹೆಸರಿನವರೇ ಇನ್ನೊಬ್ಬರಿದ್ದರು. ಎರಡು ತಿಂಗಳು ನಾನು ಕಟ್ಟಿದ ಕಂತು ಅವರ ಪುಟಕ್ಕೆ ಹೋಗಿ, ಬಾಕಿಯ ನೋಟೀಸು ನನ್ನ ಮನೆಗೆ ಬಂತು. ಆ ಮಹಾನುಭಾವರು ನನಗೊಂದು ಚಹಾ ಕೊಡಿಸಿದರು, ಅದು ಬೇರೆ ಮಾತು.

ಇನ್ನು ಪ್ರಶ್ನೆ ಕೇಳುವ ಬಗೆ. ಐಬಿಎಂನಲ್ಲೇ ಇದ್ದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು 1974ರಲ್ಲಿ 'ಸೀಕ್ವೆಲ್' ಎಂಬ ಪ್ರಶ್ನಾಭಾಷೆಯನ್ನು ಮುಂದಿಟ್ಟರು. ಆ ಹೆಸರು ಒಂದು ವಿಮಾನ ಕಂಪೆನಿಯ ಸ್ವತ್ತೆಂದು ಗೊತ್ತಾಗಿ ಅದನ್ನು ಎಸ್‌ಕ್ಯೂಎಲ್ ಎಂದು ಮೊಟಕು ಮಾಡಿದರು. 1986ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪ್ರಮಾಣಿತ ರೂಪ ಬಂತು. ಇದರ ಗುಣವೇನೆಂದರೆ, ಹೇಗೆ ಹುಡುಕಬೇಕೆಂದು ನೀವು ಹೇಳುವುದಿಲ್ಲ; ಏನು ಬೇಕೆಂದಷ್ಟೇ ಹೇಳುತ್ತೀರಿ. ಹೋಟೆಲಿನಲ್ಲಿ ನೀರುದೋಸೆ ಕೇಳುವವನು ಅಡಿಗೆಮನೆಗೆ ಹೋಗಿ ಕಾವಲಿ ಎಲ್ಲಿದೆ ಎಂದು ತೋರಿಸುತ್ತಾನೆಯೇ? ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ನಮ್ಮ ಲಿಪಿಯಲ್ಲಿ ಹೀಗೆ ಓದಬಹುದು:

ಸೆಲೆಕ್ಟ್ ಸರ್ವೆನಂಬರು, ಸೆಂಟ್ಸ್
ಫ್ರಂ ಜಮೀನು
ವೇರ್ ಗ್ರಾಮ = 'ಬಜ್ಪೆ'

'ಸೆಲೆಕ್ಟ್' ಎಂದರೆ ಯಾವ ಕಂಬಸಾಲುಗಳು ಬೇಕು, 'ಫ್ರಂ' ಎಂದರೆ ಯಾವ ಕೋಷ್ಟಕದಿಂದ, 'ವೇರ್' ಎಂದರೆ ಯಾವ ಶರತ್ತಿಗೆ ಒಪ್ಪುವ ಅಡ್ಡಸಾಲುಗಳು. ಉತ್ತರವಾಗಿ ಎರಡು ಸಾಲು ಬರುತ್ತದೆ: 112, 45, 47, 30. ಉತ್ತರವೂ ಒಂದು ಕೋಷ್ಟಕವೇ ಎಂಬುದನ್ನು ಗಮನಿಸಿ. ಲೀಲಾವತಿಯವರ ಜಾಗಗಳೆಲ್ಲ ಬೇಕಾದರೆ ಎರಡು ಕೋಷ್ಟಕಗಳನ್ನು ಕೀಲಿಯಲ್ಲಿ ಕೂಡಿಸಬೇಕು:

ಸೆಲೆಕ್ಟ್ ಗ್ರಾಮ, ಸರ್ವೆನಂಬರು
ಫ್ರಂ ಹಕ್ಕು ಜಾಯಿನ್ ಜಮೀನು
ಆನ್ ಹಕ್ಕು.ಜಮೀನು = ಜಮೀನು.ಗುರುತು
ವೇರ್ ಹಕ್ಕು.ವ್ಯಕ್ತಿ = 'ವ3'

ಗುರುಪುರದ 112, ಬಜ್ಪೆಯ 47. ಬೆರಳಿಟ್ಟು ಹಕ್ಕಿನ ಕೋಷ್ಟಕದಲ್ಲಿ ವ3 ಹುಡುಕಿ, ಅದರ ಪಕ್ಕದ ಜಮೀನಿನ ಗುರುತು ಹಿಡಿದು ಮೊದಲ ಕೋಷ್ಟಕಕ್ಕೆ ಹೋಗಿ ನೋಡಿ; ಗಣಕ ಮಾಡಿದ್ದೂ ಅಷ್ಟೇ.

ಇಲ್ಲಿ ಹೊಸಬರು ಎಡವುವ ಒಂದು ಕಲ್ಲಿದೆ. ಸಾಲದ ವಿವರಕ್ಕೆ 'ಋಣ' ಎಂಬ ನಾಲ್ಕನೆಯ ಕೋಷ್ಟಕ ಮಾಡಿ, ಅದರಲ್ಲಿ ಜ1ರ ಮೇಲೆ ಎರಡು ಲಕ್ಷ ಎಂಬ ಒಂದೇ ಸಾಲು ಇದೆಯೆನ್ನಿ. ಜಮೀನನ್ನೂ ಋಣವನ್ನೂ 'ಜಾಯಿನ್' ಮಾಡಿ ಪಟ್ಟಿ ಕೇಳಿದರೆ ಬರುವುದು ಜ1 ಮಾತ್ರ. ಸಾಲವಿಲ್ಲದ ಎರಡು ಜಾಗಗಳು ಸದ್ದಿಲ್ಲದೆ ಪಟ್ಟಿಯಿಂದ ಬಿದ್ದುಹೋಗುತ್ತವೆ! ಜೊತೆ ಸಿಗದ ಸಾಲನ್ನು ಸಾದಾ ಜಾಯಿನ್ ಕೈಬಿಡುತ್ತದೆ. ಎಲ್ಲ ಜಮೀನೂ ಬೇಕಾದರೆ 'ಲೆಫ್ಟ್ ಜಾಯಿನ್' ಎನ್ನಬೇಕು. ಆಗ ಜ2, ಜ3ರ ಎದುರು ಸಾಲದ ಜಾಗ ಖಾಲಿ ಬರುತ್ತದೆ. ಈ ಖಾಲಿಗೆ 'ನಲ್' ಎಂದು ಹೆಸರು. ನಲ್ ಎಂದರೆ ಸೊನ್ನೆಯಲ್ಲ. ಸೊನ್ನೆ ಎಂದರೆ ಸಾಲವಿಲ್ಲವೆಂದು ಗೊತ್ತಿದೆ. ನಲ್ ಎಂದರೆ ಇಲ್ಲೇನೂ ಬರೆದಿಲ್ಲ. ಸಾಲ ಸೊನ್ನೆಯಿರುವ ಜಾಗ ತೋರಿಸು ಎಂದು ಕೇಳಿದರೆ ನಲ್ ಇರುವ ಸಾಲು ಬರುವುದಿಲ್ಲ. ಜಾಗ ಕೊಳ್ಳುವವರಿಗೂ ಇದು ನೆನಪಿರಲಿ: ಪಹಣಿಯ 11ನೆಯ ಕಾಲಮು ಖಾಲಿಯಿದ್ದರೆ ಅಲ್ಲಿ ಋಣ ದಾಖಲಾಗಿಲ್ಲ ಎಂದಷ್ಟೇ ಅರ್ಥ. ಕೈಸಾಲಕ್ಕೆ ಜಾಗ ಒತ್ತೆಯಿಟ್ಟ ಕಥೆ ಅಲ್ಲಿ ಇರುವುದಿಲ್ಲ.

ಎರಡು ಕೋಟಿ ದಾಖಲೆಗಳಲ್ಲಿ ನಿಮ್ಮದು ಕ್ಷಣದಲ್ಲಿ ಹೇಗೆ ಸಿಗುತ್ತದೆ? 1894ರಲ್ಲಿ ನಮ್ಮ ಮಂಗಳೂರಿನಿಂದಲೇ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟನ್ನು ನೆನಪಿಸಿಕೊಳ್ಳಿ. ಸುಮಾರು 70,000 ಶಬ್ದಗಳು. ಆದರೂ ಬೇಕಾದ ಪದ ಬೇಗ ಸಿಗುತ್ತದೆ, ಅಕಾರಾದಿಯಾಗಿರುವುದರಿಂದ. ನಡುವೆ ತೆರೆದು ಮುಂದೋ ಹಿಂದೋ ಎಂದು ನೋಡಿ ಅರ್ಧ ಪುಸ್ತಕವನ್ನು ಬಿಟ್ಟುಬಿಡುತ್ತೀರಿ. ಡಾಟಾಬೇಸಿನಲ್ಲಿ ಹೀಗೆ ಕ್ರಮವಾಗಿ ಜೋಡಿಸಿಟ್ಟ ಸೂಚಿಗೆ 'ಇಂಡೆಕ್ಸ್' ಎನ್ನುತ್ತಾರೆ. ಪ್ರತಿ ಸಲ ಅರ್ಧ ಕಳೆಯುತ್ತ ಹೋದರೆ ಎರಡು ಕೋಟಿಯಲ್ಲಿ ಒಂದನ್ನು ತಲುಪಲು 25 ಹೆಜ್ಜೆ ಸಾಕು.

ಆದರೆ ಹೆಸರು ಹಿಡಿದು ಹೊರಟರೆ? 'ಕೆ. ಸುಂದರ' ಕಕಾರದಲ್ಲಿ, 'ಸುಂದರ ಕೆ.' ಸಕಾರದಲ್ಲಿ, 'ಸುಂದರ ಶೆಟ್ಟಿ' ಇನ್ನೊಂದು ಕಡೆ. ಮೂವರೂ ಒಬ್ಬರೇ ಎಂದು ನಿಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಕಾಗದದ ಪಹಣಿಯಲ್ಲಿ ಜಾಗಕ್ಕೆ ಗಟ್ಟಿ ಕೀಲಿಯಿತ್ತು. ಮನುಷ್ಯನಿಗಿದ್ದುದು ಹೆಸರು ಮತ್ತು ತಂದೆಯ ಹೆಸರು ಮಾತ್ರ. ಅಲ್ಲಿದ್ದುದೇ ಗಣಕಕ್ಕೆ ಏರಿತು. ಆದ್ದರಿಂದ 'ಈ ಜಾಗ ಯಾರದು?' ಎಂಬ ಪ್ರಶ್ನೆಗೆ ಥಟ್ಟನೆ ಉತ್ತರ ಸಿಕ್ಕಿತು. 'ಇವರಿಗೆ ಎಲ್ಲೆಲ್ಲಿ ಜಾಗವಿದೆ?' ಎಂಬುದು ಅಷ್ಟು ಸುಲಭವಾಗಲಿಲ್ಲ. ಪ್ರಶ್ನಾಭಾಷೆ ಎಷ್ಟು ಚೆನ್ನಾಗಿದ್ದರೇನು, ಕೂಡಿಸಲು ಕೀಲಿಯೇ ಇಲ್ಲದಿದ್ದರೆ! ಕಂದಾಯ ಇಲಾಖೆ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸಕ್ಕೆ ಕೈಹಾಕಿದ್ದನ್ನು ಈ ಬೆಳಕಿನಲ್ಲಿ ನೋಡಿ. ಅದು ವ್ಯಕ್ತಿಯ ಸಾಲಿಗೆ ಕೀಲಿ ಕೊಡುವ ಕೆಲಸ. ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ ಪಹಣಿಗೆ ಜೋಡಿಸಲು ಆಧಾರ್ ಎಲ್ಲಿಂದ ತರುವುದು? ಅಲ್ಲಿ ಮೊದಲು ಪೌತಿ ಖಾತೆಯಾಗಿ ವಾರಸುದಾರರ ಹೆಸರು ಬರಬೇಕು.

ಈ ವಾರ ಬಿಡುವಾದಾಗ ನಿಮ್ಮ ಮನೆಯ ಪಹಣಿಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹರಡಿ. ಒಂದು ನೋಟ್‌ಬುಕ್ಕಿನಲ್ಲಿ ಜಮೀನು, ವ್ಯಕ್ತಿ, ಹಕ್ಕು ಎಂದು ಮೂರು ಕೋಷ್ಟಕ ಗೆರೆಹಾಕಿ, ನೀವೇ ಗುರುತು ಕೊಟ್ಟು ತುಂಬಿಸುತ್ತ ಬನ್ನಿ. ಒಬ್ಬರೇ ವ್ಯಕ್ತಿ ಎರಡು ಬಗೆಯ ಹೆಸರಿನಲ್ಲಿ ಎಷ್ಟು ಕಡೆ ಇದ್ದಾರೆ, ಈಗ ಇಲ್ಲದವರ ಹೆಸರು ಎಷ್ಟು ಸಾಲಿನಲ್ಲಿ ಉಳಿದಿದೆ ಎಂದು ಎಣಿಸಿ, ಆ ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ. ತಾಲೂಕು ಕಚೇರಿಗೆ ಹೋಗುವಾಗ ಆ ನೋಟ್‌ಬುಕ್ಕು ಜೊತೆಯಲ್ಲಿರಲಿ.