ಲಿಂಗನೂರಿನ ಮಾಳಿಗೆಗೆ ಯಾವ ಚಾನೆಲ್?

ಇಂಗ್ಲೆಂಡಿನ ಖಗೋಳ ಚಾನೆಲ್ಲುಗಳು ‘ಈ ತಿಂಗಳ ಆಕಾಶ’ ತೋರಿಸುವಾಗ ಅಗಸ್ತ್ಯ ನಕ್ಷತ್ರವನ್ನು ತೋರಿಸುವುದೇ ಇಲ್ಲ. ರಾತ್ರಿಯ ಆಕಾಶದಲ್ಲಿ ಲುಬ್ಧಕ ಒಂದನ್ನು ಬಿಟ್ಟರೆ ಅಗಸ್ತ್ಯನಷ್ಟು ಬೆಳಗುವ ಚುಕ್ಕಿ ಇನ್ನೊಂದಿಲ್ಲ. ಆದರೆ ಅವರ ಊರಿನಲ್ಲಿ ಅದು ಹುಟ್ಟುವುದೇ ಇಲ್ಲ. ಉತ್ತರ ಅಕ್ಷಾಂಶ 37 ದಾಟಿ ಸ್ವಲ್ಪ ಮುಂದೆ ಹೋದರೆ ಅಗಸ್ತ್ಯ ದಿಗಂತದ ಕೆಳಗೇ ಉಳಿದುಬಿಡುತ್ತದೆ. ಮಿರಜ ತಾಲೂಕಿನ ಲಿಂಗನೂರಿನಲ್ಲಿ ಫೆಬ್ರವರಿ ನಡುವಿನ ರಾತ್ರಿ ಒಂಬತ್ತರ ಹೊತ್ತಿಗೆ ಮಾಳಿಗೆ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ. ಕೈ ನೀಟಾಗಿ ಚಾಚಿ ಒಂದರ ಮೇಲೊಂದು ಎರಡು ಮುಷ್ಟಿ ಇಟ್ಟರೆ ಎಷ್ಟು ಎತ್ತರವೋ ದಿಗಂತದಿಂದ ಅಷ್ಟು ಮೇಲೆ ಅದು ಉರಿಯುತ್ತಿರುತ್ತದೆ.

ಆಕಾಶ ನೋಡುವ ಹವ್ಯಾಸಕ್ಕೆ ಯೂಟ್ಯೂಬಿನಲ್ಲಿ ಯಾವ ಚಾನೆಲ್ ಒಳ್ಳೆಯದು ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇರುತ್ತದೆ: ನಿಮ್ಮ ಮಾಳಿಗೆ ಎಷ್ಟನೆಯ ಅಕ್ಷಾಂಶದಲ್ಲಿದೆ? ಲಿಂಗನೂರಿನದು ಸುಮಾರು 16.8 ಡಿಗ್ರಿ ಉತ್ತರ. ಧ್ರುವನಕ್ಷತ್ರವೂ ಅಷ್ಟೇ ಎತ್ತರದಲ್ಲಿ, ಮರಗಳ ನೆತ್ತಿಗೆ ತಾಗುವಂತೆ ಇರುತ್ತದೆ. ಯುರೋಪಿನವರು ‘ವರ್ಷವಿಡೀ ಮುಳುಗದ ಸಪ್ತರ್ಷಿಮಂಡಲ’ ಎಂದಾಗ ಇಲ್ಲಿನ ಹುಡುಗ ಅಕ್ಟೋಬರಿನ ಸಂಜೆ ಅದನ್ನು ಹುಡುಕಿ ಸೋಲುತ್ತಾನೆ. ತಪ್ಪು ಹುಡುಗನದಲ್ಲ, ಚಾನೆಲ್ಲಿನದೂ ಅಲ್ಲ.

ಮಿರಜದ ಪೂರ್ವಭಾಗ ಎಂದರೆ ಕನ್ನಡವೂ ಮರಾಠಿಯೂ ಒಂದೇ ಬಾಯಲ್ಲಿ ಓಡಾಡುವ ಸೀಮೆ. ದ್ರಾಕ್ಷಿ ಬೆಳೆಯುವವರ ಸೀಮೆಯೂ ಹೌದು. ಚಾಟಣಿ (ಬಳ್ಳಿ ಸವರುವುದು) ಯಾವಾಗ, ಔಷಧಿ ಎಷ್ಟು ಎಂದು ವಿಡಿಯೋ ನೋಡುವ ರೈತನಿಗೆ ಯೂಟ್ಯೂಬ್ ಹೊಸತಲ್ಲ. ಕೃಷಿ ಪಂಪಿನ ವಿದ್ಯುತ್ತು ರಾತ್ರಿ ಪಾಳಿಗೆ ಬಂದಾಗ ಮೋಟರು ಚಾಲೂ ಮಾಡಿ ನೀರು ತಿರುವಲು ಹೊಲಕ್ಕೆ ಹೋಗಲೇಬೇಕು. ನಗರದ ಹವ್ಯಾಸಿ ಹಣ ಕೊಟ್ಟು, ಗಾಡಿ ಮಾಡಿಕೊಂಡು ಹುಡುಕುವ ಕತ್ತಲು ಇವರಿಗೆ ಕೆಲಸದ ಜೊತೆಗೇ ಸಿಗುತ್ತದೆ. ಪಡುವಣದಲ್ಲಿ ಸಾಂಗಲಿ-ಮಿರಜದ ದೀಪಗಳ ಮಬ್ಬು ಇದೆ ನಿಜ. ಮೂಡಣಕ್ಕೆ ಬೆನ್ನು ತಿರುಗಿಸದಿದ್ದರೆ ಸಾಕು.

ತಿಂಗಳ ಆಕಾಶದ ವರದಿಗಳಲ್ಲಿ ನಾನು ಮೊದಲು ಹೆಸರಿಸುವುದು ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯ (ಜೆಪಿಎಲ್) ‘ವಾಟ್ಸ್ ಅಪ್’. ಪ್ರೆಸ್ಟನ್ ಡೈಚಸ್ ಅದನ್ನು ವರ್ಷಗಟ್ಟಲೆ ನಡೆಸಿಕೊಟ್ಟರು: ಕೆಲವೇ ನಿಮಿಷ, ಆಡಂಬರವಿಲ್ಲ, ಬರಿಗಣ್ಣಿಗೆ ಕಾಣುವುದಕ್ಕೇ ಮೊದಲ ಮಣೆ. ಡೇವಿಡ್ ಫುಲ್ಲರ್ ಅವರ ‘ಐಸ್ ಆನ್ ದಿ ಸ್ಕೈ’ ಇನ್ನೂ ಒಂದು ಹೆಜ್ಜೆ ಹತ್ತಿರ. ಬೈನಾಕ್ಯುಲರ್ ಅಥವಾ ಸಣ್ಣ ದೂರದರ್ಶಕ ಇರುವವನಿಗೆ ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಕಣ್ಣು ಸರಿಸಬೇಕು ಎಂದು ಮೇಷ್ಟರಂತೆ ಹೇಳಿಕೊಡುತ್ತಾರೆ. ಆಕ್ಸ್‌ಫರ್ಡಿನ ಖಭೌತ ವಿಜ್ಞಾನಿ ಬೆಕಿ ಸ್ಮೆಥರ್ಸ್ಟ್ ತಮ್ಮ ‘ನೈಟ್ ಸ್ಕೈ ನ್ಯೂಸ್’ನಲ್ಲಿ ಆಕಾಶದ ಜೊತೆಗೆ ಆ ತಿಂಗಳ ಸಂಶೋಧನಾ ಪ್ರಬಂಧಗಳನ್ನೂ ಬಿಡಿಸುತ್ತಾರೆ. ವೇಲ್ಸಿನ ಅಲಿನ್ ವಾಲೇಸ್ ಎಂಬ ಛಾಯಾಗ್ರಾಹಕರ ತಿಂಗಳ ವರದಿಗಳು ಚಿತ್ರದಂತೆ ಇರುತ್ತಿದ್ದವು. 2024ರ ಮಾರ್ಚಿನಲ್ಲಿ, ಇನ್ನೂ 34ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹಳೆಯ ವಿಡಿಯೋಗಳ ದಿನಾಂಕ ಕಳೆದಿರಬಹುದು, ಕತ್ತಲಲ್ಲಿ ಕ್ಯಾಮೆರಾ ಹಿಡಿಯುವ ಪಾಠಕ್ಕೆ ದಿನಾಂಕವಿಲ್ಲ.

ಇವರನ್ನೆಲ್ಲ ಲಿಂಗನೂರಿಗೆ ಇಳಿಸಿಕೊಳ್ಳಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಜೆಪಿಎಲ್ ಇರುವ ಪಸಡೀನಾ 34 ಡಿಗ್ರಿ ಉತ್ತರದಲ್ಲಿದೆ. ಅವರು ‘ದಕ್ಷಿಣದಲ್ಲಿ ತಗ್ಗಿಗೆ’ ಎಂದದ್ದು ನಮಗೆ ಹದಿನೇಳು ಡಿಗ್ರಿ ಮೇಲೆ ಕಾಣುತ್ತದೆ. ವೃಶ್ಚಿಕದ ಪೂರ್ತಿ ಬಾಲ ಇಲ್ಲಿ ಯಾವ ತೊಡಕೂ ಇಲ್ಲದೆ ಸಿಗುತ್ತದೆ. ಬಿದಿಗೆಯ ಚಂದ್ರ ಅವರ ಚಿತ್ರಗಳಲ್ಲಿ ನಿಂತಿದ್ದರೆ ನಮ್ಮಲ್ಲಿ ಫೆಬ್ರವರಿ-ಮಾರ್ಚಿನಲ್ಲಿ ಅಂಗಾತ ಮಲಗಿರುತ್ತದೆ. ಇನ್ನೊಂದು ವೇಳೆಯ ಲೆಕ್ಕ. ‘ಶನಿವಾರ ಸಂಜೆ ಚಂದ್ರ ಗುರುವಿನ ಪಕ್ಕ’ ಎಂದು ಅಮೆರಿಕದವರು ಹೇಳಿದರೆ ಅವರ ಆ ಸಂಜೆ ನಮ್ಮ ಸಂಜೆಗಿಂತ ಹನ್ನೆರಡು ತಾಸಿನಷ್ಟು ತಡ. ಚಂದ್ರ ತಾಸಿಗೆ ಅರ್ಧ ಡಿಗ್ರಿ, ಅಂದರೆ ತನ್ನ ಅಗಲದಷ್ಟು ದೂರ, ಮೂಡಣಕ್ಕೆ ಸರಿಯುತ್ತಾನೆ. ಹೀಗಾಗಿ ನಮ್ಮ ಶನಿವಾರ ಸಂಜೆ ಅವನು ಇನ್ನೂ ಹನ್ನೆರಡು ಚಂದ್ರರಷ್ಟು ಹಿಂದೆ ಇರುತ್ತಾನೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಲೆಕ್ಕವೂ ಬೇಡ, ಮೋಡವೇ ಎಲ್ಲ. ಮಳೆಗೆ ನಕ್ಷತ್ರದ ಹೆಸರಿಡುವ ನಮ್ಮ ರೈತರಿಗೆ ಇದರಲ್ಲೊಂದು ತಮಾಷೆ ಕಾದಿದೆ. ಮಿರಗದ ಮಳೆ ಬರುವುದು ಜೂನ್ ಮೊದಲ ವಾರ ಕಳೆದ ಮೇಲೆ, ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದಾಗ. ಸೂರ್ಯನೇ ಅಲ್ಲಿ ಕೂತಿರುವುದರಿಂದ ಆ ಚುಕ್ಕಿಗಳು ಆಗ ಕಾಣುವಂತೆಯೇ ಇಲ್ಲ. ಮಿರಗವನ್ನು ಕಣ್ಣಾರೆ ಕಾಣಬೇಕೆಂದರೆ ಡಿಸೆಂಬರಿನ ಚಳಿಗೆ ಕಾಯಬೇಕು. ಆಗ ಅದು ರಾತ್ರಿಯಿಡೀ ನೆತ್ತಿಯ ಮೇಲೆ ಹಾದುಹೋಗುತ್ತದೆ.

ಮಳೆಗಾಲದ ಗ್ರಹಣಗಳ ಪಾಡನ್ನು ಈ ಸೀಮೆ ಹಿಂದೆಯೇ ಕಂಡಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹೊತ್ತು ಬಂದದ್ದು ಜಮಖಂಡಿಗೆ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ ಇವರು. ಸಾಂಗಲಿ, ಮಿರಜ, ಜಮಖಂಡಿ ಮೂರೂ ಆಗ ಪಟವರ್ಧನ ಮನೆತನದ ಸಂಸ್ಥಾನಗಳು. ಮೋಡ ಕಾಡಿತು. ನಡುವೆ ಸಿಕ್ಕ ಕಿಂಡಿಯಲ್ಲೇ ಅವರು ಸೂರ್ಯನ ಅಂಚಿನ ಜ್ವಾಲೆಗಳಿಗೆ ಉಪಕರಣ ತಿರುಗಿಸಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಆ ಜ್ವಾಲೆಗಳು ಕಾದು ಬೆಳಗುವ ಅನಿಲ ಎಂಬುದಕ್ಕೆ ಅದು ಸಾಕ್ಷಿ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡುತ್ತಿದ್ದ ಫ್ರೆಂಚ್ ಖಗೋಳ ವಿಜ್ಞಾನಿ ಜಾನ್ಸೆನ್ ಮುಂತಾದವರಿಗೂ ಇಂಥ ಗೆರೆಗಳೇ ಕಂಡವು. ಮುಂದೆ ಹೀಲಿಯಂ ಎಂಬ ಹೊಸ ಧಾತುವಿನ ಕತೆ ಆರಂಭವಾದದ್ದು ಈ ಬೆಳಕಿನ ಗೆರೆಗಳಿಂದಲೇ.

ಹರ್ಷೆಲ್ಲರಿಗೆ ಕಿಂಡಿಗಾಗಿ ಕಾಯುವುದು ಬಿಟ್ಟು ದಾರಿಯಿರಲಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ 11ರಿಂದ 12:22ರವರೆಗೆ ಚಂದ್ರ ಪೂರ್ತಿ ಕೆಂಪಾದಾಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ದೂರದರ್ಶಕಗಳಿಂದ ನೇರಪ್ರಸಾರ ಮಾಡಿತು. ಲಡಾಖಿನಿಂದ ಬಂದ ದೃಶ್ಯವೂ ಅದರಲ್ಲಿತ್ತು. ನಿಮ್ಮ ಊರಲ್ಲಿ ಮೋಡವಿದ್ದರೆ ಇನ್ನೊಂದು ಊರಿನ ಆಕಾಶ ತೆರೆದುಕೊಳ್ಳಬಹುದು. ನೇರಪ್ರಸಾರಕ್ಕೆ ನಾನು ಕೊಡುವ ಬೆಲೆ ಇದಕ್ಕೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ಇಸ್ರೋದ ಚಾನೆಲ್ಲನ್ನು ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದ್ದು ಬೇರೆಯೇ ಸಂಗತಿ. ಅದು ಜಾತ್ರೆ, ಜಾತ್ರೆಗೆ ಜಾತ್ರೆಯದೇ ಸುಖ.

ಇನ್ನು ಕೈಕೆಲಸದ ಚಾನೆಲ್ಲುಗಳು. ಇವಕ್ಕೆ ಅಕ್ಷಾಂಶದ ಹಂಗಿಲ್ಲ, ನನ್ನ ಮೆಚ್ಚುಗೆಯ ದೊಡ್ಡ ಪಾಲು ಇವಕ್ಕೇ. ಒಂದೇ ಒಂದು ವಿಡಿಯೋ ಹೇಳಿ ಎಂದರೆ ಜಾನ್ ಡಾಬ್ಸನ್ ದೂರದರ್ಶಕ ಕಟ್ಟುವುದನ್ನು ಕಲಿಸುವ, ಸುಮಾರು ಒಂದೂವರೆ ತಾಸಿನ ಹಳೆಯ ಚಿತ್ರವನ್ನು ಹೇಳುತ್ತೇನೆ. ಚಿತ್ರ ಮಸುಕು, ಧ್ವನಿ ಅಷ್ಟಕ್ಕಷ್ಟೆ. ಜುಟ್ಟು ಕಟ್ಟಿದ ಬಿಳಿಕೂದಲಿನ ಮುದುಕರೊಬ್ಬರು ಗಾಜಿನ ಮೇಲೆ ಗಾಜು ಉಜ್ಜುತ್ತ ಮಾತಾಡುತ್ತಾರೆ, ಅಷ್ಟೆ. ಆದರೆ ಆ ಮುದುಕರ ಹಿನ್ನೆಲೆ ನಮಗೆ ಪರಕೀಯವಲ್ಲ. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಡಾಬ್ಸನ್ 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ, ಅಂದರೆ ರಾಮಕೃಷ್ಣ ಪರಂಪರೆಯ ಮಠದಲ್ಲಿ ಸಂನ್ಯಾಸಿಯಾಗಿ ಸೇರಿದವರು. ಕೈಯಲ್ಲಿ ಕಾಸಿಲ್ಲ, ಹಡಗಿನ ಕಿಟಕಿಯ ದಪ್ಪ ಗಾಜನ್ನು ತಂದು ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆಗೆ ಅದನ್ನು ಕೂರಿಸಿ ಮರದ ಪೆಟ್ಟಿಗೆಯ ಮೇಲೆ ತಿರುಗುವಂತೆ ಇಟ್ಟರು. ರಾತ್ರಿ ಮಠದಿಂದ ಹೊರಬಿದ್ದು ಬೀದಿಯ ಜನಕ್ಕೆ ಚಂದ್ರ, ಶನಿ ತೋರಿಸುತ್ತಿದ್ದರು. ಕೊನೆಗೆ 1967ರಲ್ಲಿ ಮಠ ಅವರನ್ನು ಹೊರಗೆ ಕಳಿಸಿತು. ಮರುವರ್ಷ ಬೀದಿಬದಿಯ ಖಗೋಳವೀಕ್ಷಕರ ಸಂಘ ಹುಟ್ಟಿತು. ತಮ್ಮ ವಿನ್ಯಾಸಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಇಂದು ಜಗತ್ತಿನ ಯಾವ ಅಂಗಡಿಯಲ್ಲಾದರೂ ಕಡಿಮೆ ಹಣಕ್ಕೆ ದೊಡ್ಡ ಕನ್ನಡಿ ಬೇಕೆಂದರೆ ‘ಡಾಬ್ಸೋನಿಯನ್’ ತೋರಿಸುತ್ತಾರೆ. 2014ರಲ್ಲಿ, 98ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆ ವಿಡಿಯೋದಲ್ಲಿ ಕಲಿಯಬೇಕಾದದ್ದು ಧೈರ್ಯ. ಕನ್ನಡಿಯ ಮೇಲ್ಮೈ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚು ತಪ್ಪಬಾರದು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಎರಡು ಗಾಜುಗಳ ನಡುವೆ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ತಿರುಗಿಸುತ್ತ ಉಜ್ಜಿದರೆ ಮೇಲಿನದು ತಾನಾಗಿ ಒಳಕ್ಕೆ ಕುಳಿಯುತ್ತದೆ, ಕೆಳಗಿನದು ಉಬ್ಬುತ್ತದೆ. ಗೋಳದ ಭಾಗವಲ್ಲದೆ ಬೇರೆ ಯಾವ ಆಕಾರವೂ ಹಾಗೆ ಎಲ್ಲ ಕಡೆ ಅಂಟಿಕೊಂಡು ಸರಿಯಲಾರದು. ನಿಖರತೆ ಯಂತ್ರದಿಂದ ಬಾರದೆ ಉಜ್ಜುವಿಕೆಯಿಂದಲೇ ಬರುತ್ತದೆ ಎಂಬುದು ನೋಡಿದ ಮೇಲೆ ನಂಬಿಕೆಯಾಗುತ್ತದೆ. ಆಮೇಲೆ ಗಾರ್ಡನ್ ವೈಟ್ ಅವರ ವಿಡಿಯೋಗಳಿಗೆ ಹೋಗಬೇಕು. ಒಂದು ದೀಪ, ಒಂದು ಬ್ಲೇಡಿನ ಅಂಚು ಇಟ್ಟುಕೊಂಡು ಕನ್ನಡಿಯ ದೋಷ ನೋಡುವ ಫೂಕೋ ಪರೀಕ್ಷೆಯನ್ನು ಅವರು ಅವಸರವಿಲ್ಲದೆ ತೋರಿಸುತ್ತಾರೆ. ಸಿತಾರಿನ ಸೋರೆಬುರುಡೆ ಕೊರೆದು ನಾದ ಹೊರಡಿಸುವ ಮಿರಜದಂಥ ಊರಿನ ಪಕ್ಕದಲ್ಲಿ ಕೈ ನಯ ಇರುವವರಿಗೆ ಬರವಿರಲಾರದು.

ಛಾಯಾಗ್ರಹಣದ ಚಾನೆಲ್ಲುಗಳ ಬಗ್ಗೆ ಎಚ್ಚರ ಬೇಕು. ಕೆನಡಾದ ಟ್ರೆವರ್ ಜೋನ್ಸ್ ಅವರ ‘ಆಸ್ಟ್ರೋಬ್ಯಾಕ್‌ಯಾರ್ಡ್’ ಮನೆ ಹಿತ್ತಿಲಿನ ಸ್ನೇಹ ಇರುವಂಥದು, ಆದರೆ ಒಂದು ತಾಸು ನೋಡಿದರೆ ನಿಮಗಿಲ್ಲದ ಉಪಕರಣಗಳ ಪಟ್ಟಿ ಉದ್ದವಾಗುತ್ತದೆ. ನಾನು ಒತ್ತಾಯಿಸುವುದು ನಿಕೋ ಕಾರ್ವರ್ ಅವರ ‘ನೆಬ್ಯುಲಾ ಫೋಟೋಸ್’. ದೂರದರ್ಶಕ ಇಲ್ಲ, ಆಕಾಶದ ಜೊತೆ ತಿರುಗುವ ಮೋಟರಿಲ್ಲ. ಸಾದಾ ಕ್ಯಾಮೆರಾ, ಮುಕ್ಕಾಲಿ ಇಟ್ಟುಕೊಂಡು ಮಹಾವ್ಯಾಧದ ನೀಹಾರಿಕೆ ತೆಗೆಯುವುದನ್ನು ಆರಂಭದಿಂದ ಕೊನೆಯವರೆಗೆ ತೋರಿಸಿದ್ದಾರೆ. ಸೆಕೆಂಡುಗಳ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುವುದು ಅದರ ಗುಟ್ಟು. ಇಲ್ಲಿ ಲಿಂಗನೂರಿಗೊಂದು ಅನುಕೂಲವಿದೆ: ನೀಹಾರಿಕೆ ಇಲ್ಲಿ ದಿಗಂತದಿಂದ 70 ಡಿಗ್ರಿಯಷ್ಟು ಏರುತ್ತದೆ, ಧೂಳು ಮಂಜಿನ ಪದರ ಅಷ್ಟರಮಟ್ಟಿಗೆ ತೆಳುವಾಗುತ್ತದೆ. ಫಾರೆಸ್ಟ್ ತನಾಕಾ ಅವರ ಪಾಠಗಳು ಹಳೆಯವು, ಆದರೆ ಕ್ಯಾಮೆರಾ ಸಂವೇದಕದಲ್ಲಿ ಗದ್ದಲ ಎಲ್ಲಿಂದ ಬರುತ್ತದೆ ಎಂಬುದನ್ನು ಅಷ್ಟು ತಿಳಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ.

2025ರ ಜನವರಿಯಲ್ಲಿ ‘ಗ್ರಹಗಳ ಮೆರವಣಿಗೆ’ ಎಂದು ಆರೇಳು ಬಣ್ಣದ ಗೋಲಿಗಳನ್ನು ದಾರಕ್ಕೆ ಪೋಣಿಸಿದ ಚಿತ್ರ ಹಾಕಿದ ಚಾನೆಲ್ಲುಗಳನ್ನು ಹೆಸರಿಸುವ ಅಗತ್ಯವಿಲ್ಲ. ಬರಿಗಣ್ಣಿಗೆ ಸುಲಭವಾಗಿ ಕಂಡದ್ದು ನಾಲ್ಕು, ಅವೂ ಅರ್ಧ ಆಕಾಶಕ್ಕೆ ಚದುರಿದ್ದವು.

ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಕೂರಿಸಿಕೊಂಡು ಬ್ರೇಡಿ ಹರಾನ್ ಮಾಡಿದ ‘ಡೀಪ್ ಸ್ಕೈ ವಿಡಿಯೋಸ್’ನಲ್ಲಿ ಮೆಸಿಯೇ ಪಟ್ಟಿಯ 110 ಕಾಯಗಳನ್ನು ಒಂದೊಂದಾಗಿ ಬಿಡಿಸುವ ಸರಣಿ ಇದೆ. ಒಂದನ್ನು ನೋಡಿ, ಅದನ್ನೇ ಆ ರಾತ್ರಿ ಬೈನಾಕ್ಯುಲರಿನಲ್ಲಿ ಹುಡುಕುವುದು ಒಳ್ಳೆಯ ಅಭ್ಯಾಸ. ಆದರೆ ಆಕಾಶದ ಅತ್ಯಂತ ಭವ್ಯ ಗೋಳಗುಚ್ಛವಾದ ಒಮೇಗಾ ಸೆಂಟಾರಿ ಆ ಪಟ್ಟಿಯಲ್ಲೇ ಇಲ್ಲ. ಪಟ್ಟಿ ಮಾಡಿದ ಶಾರ್ಲ್ ಮೆಸಿಯೇ ಇದ್ದದ್ದು ಪ್ಯಾರಿಸಿನಲ್ಲಿ. ಅವರಿಗೆ ಅದು ಹುಟ್ಟಲಿಲ್ಲ. ಮೇ ತಿಂಗಳ ಕೊನೆಯ ರಾತ್ರಿಗಳಲ್ಲಿ ಹತ್ತರ ಸುಮಾರಿಗೆ ಲಿಂಗನೂರಿನ ದಕ್ಷಿಣದಲ್ಲಿ 25 ಡಿಗ್ರಿ ಎತ್ತರಕ್ಕೆ ಬರುವ ಆ ಮಂಜು ಮಚ್ಚೆಯನ್ನು, ಕತ್ತಲು ಚೆನ್ನಾಗಿದ್ದರೆ, ಬರಿಗಣ್ಣಿನಲ್ಲೇ ಹಿಡಿಯಬಹುದು.

ಹಾಗಾದರೆ ನಮ್ಮವರದು? ಕೊಲ್ಹಾಪುರದಲ್ಲಿ ಹುಟ್ಟಿದ ಖಭೌತ ವಿಜ್ಞಾನಿ ಜಯಂತ ನಾರಳೀಕರ್ 1988ರಲ್ಲಿ ಪುಣೆಯಲ್ಲಿ ಕಟ್ಟಿದ ಐಯುಕಾ ಸಂಸ್ಥೆಯ ಉಪನ್ಯಾಸಗಳು ಯೂಟ್ಯೂಬಿನಲ್ಲಿವೆ. ಅದೇ ಆವರಣದಲ್ಲಿ ಅರವಿಂದ ಗುಪ್ತಾ ಮತ್ತು ಸಂಗಡಿಗರು ಕಸದಿಂದ ವಿಜ್ಞಾನದ ಆಟಿಕೆ ಮಾಡುವ ಪುಟ್ಟ ಪುಟ್ಟ ವಿಡಿಯೋ ತಯಾರಿಸಿ ಹಲವು ಭಾರತೀಯ ಭಾಷೆಗಳಿಗೆ ಧ್ವನಿ ಕೊಡಿಸಿದರು. ಕನ್ನಡವೂ ಅವುಗಳಲ್ಲಿ ಒಂದು. ಜತ್ತದ ಕನ್ನಡ ಶಾಲೆಯ ಮೇಷ್ಟರಿಗೂ ಮಿರಜದ ಮರಾಠಿ ಶಾಲೆಯ ಬಾಯಿಯವರಿಗೂ ಒಂದೇ ಪಾಠ ಅವರವರ ಮಾತಿನಲ್ಲಿ ಸಿಗುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಉಡುಪಿಯ ಪೂರ್ಣಪ್ರಜ್ಞ ಹವ್ಯಾಸಿ ಖಗೋಳವೀಕ್ಷಕರ ಸಂಘ ಕನ್ನಡದಲ್ಲೇ ಆಕಾಶ ವಿವರಿಸುತ್ತ ಬಂದಿವೆ. ಅವರ ಮಾತು ಹತ್ತಿರ ಎನ್ನುವುದಷ್ಟೇ ಅಲ್ಲ, ಆಕಾಶವೂ ಹತ್ತಿರ: ಎರಡೂ ಊರು 13 ಡಿಗ್ರಿಯ ಆಸುಪಾಸಿನಲ್ಲಿವೆ. ಪಸಡೀನಾದ ಹದಿನೇಳು ಡಿಗ್ರಿ ಅಂತರ ಇಲ್ಲಿ ನಾಲ್ಕಕ್ಕೂ ಕಮ್ಮಿ. ಕೊರತೆ ಎಂದರೆ ನಿಯಮಿತತೆ. ಗ್ರಹಣ ಬಂದಾಗ ಕನ್ನಡದಲ್ಲಿ ವಿಡಿಯೋ ಹೊಳೆ ಹರಿಯುತ್ತದೆ. ಸುಮ್ಮನಿರುವ ತಿಂಗಳ ಸುಮ್ಮನಿರುವ ಆಕಾಶವನ್ನು ತಪ್ಪದೆ ಹೇಳುವವರು ಸಾಲದು.

ಈ ಗಡಿಸೀಮೆಯಿಂದ ಹೊರಜಗತ್ತಿಗೆ ಹೇಳಿದವರು ಇಲ್ಲದಿಲ್ಲ. ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಶಾಲಾ ಮುಖ್ಯಾಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರ 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಗೆ ಲೇಖನ ಕಳಿಸಿ, ನೆಪ್ಚೂನಿನ ಆಚೆ ‘ಬ್ರಹ್ಮ’ ಎಂಬ ಗ್ರಹ ಸುಮಾರು 242 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಿರಬೇಕು ಎಂದರು. 1930ರಲ್ಲಿ ಪ್ಲೂಟೋ ಸಿಕ್ಕಿತು, ಅದರ ಸುತ್ತು 248 ವರ್ಷ. ಅದೃಷ್ಟದ ಪಾಲು ಅದರಲ್ಲಿ ದೊಡ್ಡದೇ ಇದ್ದೀತು. ಆದರೂ ಅಂಚೆಯಲ್ಲಿ ಪ್ಯಾರಿಸಿಗೆ ಬರೆದ ಆ ಮೇಷ್ಟರ ಹಟ ನನಗೆ ಹಿಡಿಸುತ್ತದೆ.

ಲಿಂಗನೂರಿನ ಯಾರಾದರೂ ಚಾನೆಲ್ ತೆರೆಯುವುದಾದರೆ ಮೊದಲ ವಿಡಿಯೋಗೆ ದೂರದರ್ಶಕವೇ ಬೇಡ. ಮೇ 7ರ ಆಸುಪಾಸಿನಲ್ಲಿ ಮಧ್ಯಾಹ್ನ 12:27ರ ಹೊತ್ತಿಗೆ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಆಗಸ್ಟ್ 5ರ ಸುಮಾರಿಗೆ ಇನ್ನೊಮ್ಮೆ ಆಗುತ್ತದೆ, ಆಗ ಮೋಡದ ಕಾಟ. ಮೇ ತಿಂಗಳಿನದನ್ನೇ ಹಿಡಿಯುವುದು ಲೇಸು. ನೇರವಾದ ಪೈಪಿನ ತುಂಡು, ಅದು ನೆಟ್ಟಗಿದೆಯೇ ಎಂದು ನೋಡಲು ತೂಕದ ಗುಂಡು ಕಟ್ಟಿದ ದಾರ, ಮೊಬೈಲು ಇಡಲು ಎರಡು ಇಟ್ಟಂಗಿ ಸಾಕು. ಹನ್ನೆರಡು ಗಂಟೆಗೇ ರೆಕಾರ್ಡಿಂಗ್ ಚಾಲೂ ಮಾಡಬೇಕು.